ಒದ್ದೆ ದಾರದ ಅಳತೆ

ಮಂಚದ ಕೆಳಗೆ ಬೋರಲಾಗಿ ಬಿದ್ದುಕೊಂಡು ಅವಳು ಗೋಡೆಯಂಚಿನುದ್ದಕ್ಕೂ ಅಯಸ್ಕಾಂತ ಎಳೆಯುತ್ತಿದ್ದಳು. ಒಂದು ಗುಂಡುಪಿನ್ನು ಸಿಕ್ಕಿತು, ತಲೆಮುರಿದ ಮೊಳೆಯೊಂದು ಸಿಕ್ಕಿತು, ಎಂದೋ ಕಳೆದುಹೋಗಿದ್ದ ಹೇರ್‌ಪಿನ್ನೂ ಸಿಕ್ಕಿತು. ಬೇಕಾದದ್ದು ಮಾತ್ರ ಸಿಗಲಿಲ್ಲ. ಹನ್ನೆರಡು ದಿನದಿಂದ ಸಿಗದ ಆ ಕೂದಲೆಳೆಯಂಥ ತಂತಿಯುಂಗುರ ಇವತ್ತು, ಅಪ್ಪನನ್ನು ನಡುಮನೆಯಲ್ಲಿ ಮಲಗಿಸಿರುವಾಗ ಸಿಕ್ಕಿ ಆಗಬೇಕಾದ್ದೇನೂ ಇರಲಿಲ್ಲ. ಆದರೂ ಹುಡುಕುತ್ತಿದ್ದಳು.

ಬಾಗಿಲಲ್ಲಿ ಅತ್ತೆಯ ಪಾದಗಳು ಕಂಡವು.

"ಏನೇ ಅದು, ಮಂಚದ ಕೆಳಗೆ? ಹೊರಗೆ ಜನ ನಿಂತಿದಾರೆ, ಕುರ್ಚಿ ಸಾಲ್ತಿಲ್ಲ."

"ಬಂದೆ ಅತ್ತೆ."

"ಅಳೋದಾದ್ರೆ ಹೊರಗೆ ಬಂದು ಅಳು. ಅಲ್ಲಿ ಅತ್ರೆ ಯಾರಿಗೆ ಕೇಳತ್ತೆ."

ಅತ್ತೆ ಅಪ್ಪನ ತಂಗಿ. ದುಃಖವನ್ನಾಗಲಿ ಸುದ್ದಿಯನ್ನಾಗಲಿ ಒಳಗಿಟ್ಟುಕೊಂಡು ಗೊತ್ತಿದ್ದವಳಲ್ಲ. ಬೆಳಗಿನಿಂದ ಬಂದವರಿಗೆಲ್ಲ ಒಂದೇ ಕತೆ ಹೇಳುತ್ತಿದ್ದಳು. ಹೇಳಿದ ಹಾಗೆಲ್ಲ ಅದು ಒಂದಿಷ್ಟು ಬೆಳೆಯುತ್ತಿತ್ತು.

"ಆ ಹಾಳು ರೀಲು ಸಿಕ್ಕಾಕೊಳ್ತಂತೆ ಕಣ್ರಿ. ಎಳೆದೂ ಎಳೆದೂ ಎದೆ ಹಿಡ್ಕೊಂಡ್ನಂತೆ. ಆಯಾಸ ಮಾಡ್ಕೋಬೇಡಿ ಅಂತ ಡಾಕ್ಟ್ರು ಬಡ್ಕೊಂಡಿದ್ರು."

ಮೀನು ಹಿಡಿಯುವ ಆ ರೀಲು ನಿಜವಾಗಿಯೂ ಸಿಕ್ಕಿಹಾಕಿಕೊಂಡಿದ್ದರೆ, ಯಾಕೆ ಎನ್ನುವುದು ಆ ಮನೆಯಲ್ಲಿ ಅವಳೊಬ್ಬಳಿಗೇ ಗೊತ್ತಿತ್ತು.

*

ಅಪ್ಪನನ್ನು ಎಲ್ಲರೂ ಕರೆಯುತ್ತಿದ್ದದ್ದು ಲಿಫ್ಟಣ್ಣ ಎಂದು. ಹತ್ತು ಮಹಡಿಯ ವಿಮೆ ಕಚೇರಿಯ ಲಿಫ್ಟಿನಲ್ಲಿ ಮೂವತ್ತೊಂದು ವರ್ಷ ಸ್ಟೂಲಿನ ಮೇಲೆ ಕೂತು ಗುಂಡಿ ಒತ್ತಿದವನು. "ಆ ಆಫೀಸಲ್ಲಿ ನನ್ನಷ್ಟು ಮೇಲೆ ಹೋದವರು ಯಾರೂ ಇಲ್ಲ, ನನ್ನಷ್ಟು ಕೆಳಗೆ ಬಂದವರೂ ಇಲ್ಲ" ಎಂದು ತಾನೇ ಹೇಳಿ ತಾನೇ ನಗುತ್ತಿದ್ದ. ರಜೆ ಬಂತೆಂದರೆ ಕೆರೆ ದಂಡೆ. ಕೆಲಸದಲ್ಲಿ ಒಂದಡಿ ಆಚೀಚೆ ಸರಿಯದ ಮನುಷ್ಯನಿಗೆ ದಾರವು ದೂರ ಹೋಗಿ ಬೀಳುವುದನ್ನು ನೋಡುವುದೇ ಒಂದು ಸುಖ. ಮೀನು ಸಿಕ್ಕರೂ ಸರಿ, ಬಿಟ್ಟರೂ ಸರಿ.

ಮನೆಗೆ ಬಂದ ಮೇಲೆ ಒದ್ದೆ ದಾರ ಒಣಗಿಸುವುದು ಇನ್ನೊಂದು ಸಂಭ್ರಮ. ರೀಲನ್ನು ಅಮ್ಮನ ಕೈಗೆ ಕೊಟ್ಟು, ದಾರದ ತುದಿ ಹಿಡಿದು ಬೀದಿಯುದ್ದಕ್ಕೂ ನಡೆದುಹೋಗುತ್ತಿದ್ದ. ಒದ್ದೆ ಮುಗಿದು ಒಣದಾರ ಕಂಡ ಕೂಡಲೇ ಅಮ್ಮ "ಬಂತು" ಎನ್ನಬೇಕು. ಅಪ್ಪ ಆಗ ಎಲ್ಲಿ ನಿಂತಿದ್ದಾನೋ ಅದೇ ಆ ದಿನದ ದೂರ. ಅವಳು ಚಿಕ್ಕವಳಿದ್ದಾಗ ಅದು ಏಳನೇ ಮನೆ ದಾಟಿ ಅಂಚೆಪೆಟ್ಟಿಗೆ ಮುಟ್ಟುತ್ತಿತ್ತು. ಬರಬರುತ್ತ ಐದನೇ ಮನೆಯಾಯಿತು, ನಾಲ್ಕಾಯಿತು. ಈ ವರ್ಷವಂತೂ ಎರಡನೇ ಮನೆಯ ಗೇಟಿನಲ್ಲೇ ಅಮ್ಮ "ಬಂತು" ಎಂದುಬಿಡುತ್ತಿದ್ದಳು. ಅಪ್ಪ ಅಲ್ಲೇ ನಿಂತು ಒಂದು ಸಲ ಅಂಚೆಪೆಟ್ಟಿಗೆಯ ಕಡೆ ನೋಡಿ ವಾಪಸು ಬರುತ್ತಿದ್ದ.

"ತೋಳಿಗೆ ವಯಸ್ಸಾಯ್ತು, ಒಪ್ಕೊಳಿ" ಎಂದಳು ಅಮ್ಮ.

"ತೋಳಿಗಲ್ಲ ಕಣೇ, ಬೇರಿಂಗಿಗೆ."

ದಾರ ಸುತ್ತಿದ ಉರುಳೆ ಎರಡು ಬೇರಿಂಗುಗಳ ಮೇಲೆ ತಿರುಗುತ್ತದೆ. ಅಂಗಿಯ ಗುಂಡಿಗಿಂತ ಚಿಕ್ಕವು. ಇಪ್ಪತ್ತು ವರ್ಷದ ನೀರು ಕುಡಿದು ಅವು ಕಿರುಗುಟ್ಟುತ್ತಿದ್ದವು. ಹೊಸವು ಅಂಚೆಯಲ್ಲಿ ಬಂದವು. ಆದರೆ ಅಪ್ಪನ ಕೈ ನಡುಗುತ್ತಿತ್ತು.

"ನೀನು ಕೈಯಲ್ಲಿ ಮಾಡು, ನಾನು ಬಾಯಲ್ಲಿ ಮಾಡ್ತೀನಿ" ಎಂದು ಅವಳನ್ನು ಕೂರಿಸಿದ.

ಮೂರು ತಿರುಪು ಬಿಚ್ಚಿ, ಪಕ್ಕದ ಮುಚ್ಚಳ ತೆಗೆದು, ಉರುಳೆಯನ್ನು ಬಟ್ಟೆಯ ಮೇಲಿಟ್ಟಳು. ಬೇರಿಂಗು ಅದರ ಗೂಡಿನಿಂದ ಜಾರದಂತೆ ತಂತಿಯುಂಗುರವೊಂದು ಹಿಡಿದಿರುತ್ತದೆ. "ಕೈಯನ್ನ ಪ್ಲಾಸ್ಟಿಕ್ ಚೀಲದೊಳಗಿಟ್ಟು ತೆಗಿ. ಹಾರಿದ್ರೆ ದೇವರಿಗೂ ಸಿಗಲ್ಲ" ಎಂದ. ಮೊದಲನೆಯದು ಹಾಗೇ ತೆಗೆದು, ಹೊಸ ಬೇರಿಂಗು ಕೂರಿಸಿ, ಉಂಗುರ ಹಾಕಿದಳು. ಎರಡನೆಯದರ ಹೊತ್ತಿಗೆ ಅಪ್ಪ ಮಾತ್ರೆ ನುಂಗಲು ಒಳಗೆ ಹೋಗಿದ್ದ. ಚೀಲದೊಳಗೆ ಸರಿಯಾಗಿ ಕಾಣಿಸದೆ ಅವಳು ಕೈ ಹೊರತೆಗೆದಳು. ಟಿಣ್ ಎಂದಿತು, ಅಷ್ಟೇ.

ಉಂಗುರವಿಲ್ಲದೆಯೇ ಬೇರಿಂಗು ಕೂರಿಸಿ, ಒಂದು ಹನಿ ಎಣ್ಣೆ ಬಿಟ್ಟು, ಮುಚ್ಚಳ ಬಿಗಿದಳು. ಸ್ವಲ್ಪ ದಿನ ನಿಲ್ಲುತ್ತದೆ. ಆಮೇಲೊಂದು ದಿನ ಜಾರಿ ಉರುಳೆಯನ್ನು ಕಚ್ಚಿ ಹಿಡಿಯುತ್ತದೆ. ಅಷ್ಟು ಅವಳಿಗೆ ಗೊತ್ತಿತ್ತು. ಅಪ್ಪ ಬಂದು ಬೆರಳಿಂದ ಉರುಳೆ ಚಿಮ್ಮಿದ. ಅದು ಸದ್ದಿಲ್ಲದೆ ತಿರುಗಿತು, ತಿರುಗುತ್ತಲೇ ಇತ್ತು. ಕಿವಿಗಿಟ್ಟುಕೊಂಡು ಬಹಳ ಹೊತ್ತು ಕೇಳಿದ.

"ಭೇಷ್" ಎಂದ.

ಹೇಳಬೇಕೆಂದು ತೆರೆದ ಬಾಯನ್ನು ಅವಳು ಆ ಮುಖ ನೋಡಿ ಮುಚ್ಚಿಕೊಂಡಳು. ನಾಳೆ ಹೇಳಿದರಾಯಿತು ಅಂದುಕೊಂಡಳು. ಹೀಗೆ ಹನ್ನೆರಡು ನಾಳೆಗಳು ಕಳೆದವು.

*

ಮಧ್ಯಾಹ್ನ ಎಲ್ಲ ಮುಗಿಸಿ ಬಂದಾಗ ಅಂಗಳದ ಕುರ್ಚಿಗಳು ಖಾಲಿಯಾಗಿದ್ದವು. ಗೇಟಿನ ಪಕ್ಕದ ಒಂದರಲ್ಲಿ ಮಾತ್ರ ಕನ್ನಡಕದಂಗಡಿಯ ಮಾವ ಕೂತಿದ್ದರು. ನಲವತ್ತು ವರ್ಷ ಅಪ್ಪನ ಜೊತೆ ಕೆರೆ ದಂಡೆಯಲ್ಲಿ ಕೂತವರು; ನಿನ್ನೆ ಸಂಜೆ ಜೊತೆಗಿದ್ದವರೂ ಅವರೇ. ತೊಡೆಯ ಮೇಲೆ ಗಂಟು ಹಾಕಿದ ಪ್ಲಾಸ್ಟಿಕ್ ಚೀಲ. ಅದರೊಳಗೇನಿದೆ ಎಂದು ಗೊತ್ತಿದ್ದೇ ಅವಳು ಬೆಳಗಿನಿಂದ ಆ ಕಡೆ ಸುಳಿದಿರಲಿಲ್ಲ.

"ಒಳಗೆ ಬನ್ನಿ, ಬೆಳಗಿಂದ ಅಲ್ಲೇ ಕೂತಿದೀರ" ಎಂದಳು ಅಮ್ಮ.

ಅವರು ಬಂದು ಚೀಲವನ್ನು ಮೇಜಿನ ಮೇಲಿಟ್ಟರು. "ಇದನ್ನ ಕೊಟ್ಟು ಹೋಗೋಣ ಅಂತ."

"ಆ ಪೀಡೆನ ಕೆರೆಗೇ ಎಸೆದು ಬರೋದಲ್ವಾ?" ಎಂದಳು ಅತ್ತೆ.

ಮಗಳು ಮುಂದೆ ಬಂದಳು. ಅವಳಿಗೆ ತನ್ನ ದನಿಯೇ ಬೇರೆ ಯಾರದೋ ಅನ್ನಿಸಿತು. "ಮಾವ, ಅದು ಸಿಕ್ಕಿಹಾಕೊಳ್ತಾ?"

"ಯಾವುದಮ್ಮ?"

"ರೀಲು. ಅದರೊಳಗೆ ಒಂದು ಉಂಗುರ ಇಲ್ಲ. ನಾನೇ ಕಳೆದಿದ್ದು. ಅಪ್ಪಂಗೆ ಹೇಳ್ಲಿಲ್ಲ."

ಅಮ್ಮ ತಿರುಗಿ ನೋಡಿದಳು. ಅತ್ತೆಯ ಬಾಯಿ ಅರ್ಧ ತೆರೆದೇ ನಿಂತಿತು. ಮಾವ ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು.

"ಇದೆಯಲ್ಲ."

"ಇಲ್ಲ ಮಾವ."

"ಇದೆ ಕಣಮ್ಮ, ಮಾಡಿ ಹಾಕಿದವನು ನಾನು." ಜೇಬಿನಿಂದ ಪುಟ್ಟ ಸ್ಕ್ರೂಡ್ರೈವರ್ ತೆಗೆದು ಮೂರು ತಿರುಪು ಬಿಚ್ಚಿದರು. ಹೊಸ ಬೇರಿಂಗಿನ ಸುತ್ತ ಹೊಂಬಣ್ಣದ ಎಳೆಯೊಂದು ಮಿನುಗಿತು. "ಹಳೇ ಕನ್ನಡಕದ ತಂತಿ. ನೀನು ರಿಪೇರಿ ಮಾಡಿದ ಮಾರನೇ ದಿನವೇ ಅಂಗಡಿಗೆ ಬಂದ. ಒಂದು ಬದಿ ಸಡಿಲ ಇದೆ ಅಂತ ಕಿವಿಗಿಟ್ಟಾಗಲೇ ಗೊತ್ತಾಯ್ತಂತೆ. 'ಕೆಲಸ ಅಚ್ಚುಕಟ್ಟಾಗಿ ಮಾಡಿದಾಳೆ, ಉಂಗುರ ಹಾರಿಸಿದಾಳೆ, ಹೇಳಕ್ಕೆ ಒದ್ದಾಡ್ತಿದಾಳೆ, ಪಾಪ. ನಾನೇನು ಕಮ್ಮಿನಾ, ಇದೇ ರೀಲಿಂದ ಮೂರು ಹಾರಿಸಿದೀನಿ. ಅವಳಮ್ಮಂಗೆ ಇವತ್ತಿಗೂ ಗೊತ್ತಿಲ್ಲ' ಅಂದ."

"ಗೊತ್ತಿತ್ತು" ಎಂದಳು ಅಮ್ಮ. "ಅದರಲ್ಲೊಂದು ನಂಗೆ ಹಿಟ್ಟು ಜರಡಿ ಹಿಡೀವಾಗ ಸಿಕ್ಕಿತ್ತು. ಏನೋ ಕಸ ಅಂತ ಕಿಟಕಿಯಿಂದ ಎಸೆದೆ. ಆಮೇಲೆ ಇವರು ಎರಡು ದಿನ ನೆಲ ನೆಕ್ಕಿದ್ದು ನೋಡಿ ಬಾಯಿ ಮುಚ್ಕೊಂಡು ಸುಮ್ಮನಿದ್ದೆ."

ಮೊದಲು ನಕ್ಕವಳು ಅಮ್ಮನೇ. ಸೆರಗನ್ನು ಬಾಯಿಗೆ ಒತ್ತಿಕೊಂಡಳು, ಆದರೂ ನಗು ನಿಲ್ಲಲಿಲ್ಲ. ಮಗಳು ಅಲ್ಲೇ ಇದ್ದ ಕುರ್ಚಿ ಎಳೆದು ಕೂತಳು. ಬೆಳಗಿನಿಂದ ಬಾರದ ಅಳು ಈಗ, ನಗುವಿನ ಜೊತೆಗೇ, ಬಂದುಬಿಟ್ಟಿತು.

"ಮತ್ತೆ ಎಳೀತಿದ್ದದ್ದು?" ಅತ್ತೆ ಅಷ್ಟು ಸುಲಭಕ್ಕೆ ಬಿಡುವವಳಲ್ಲ.

"ದಾರ ಸುತ್ತುತ್ತಿದ್ದವನು ನಾನು, ತಾಯಿ. ನಿನ್ನೆ ನಿಮಗೆ ಅಷ್ಟೇ ಹೇಳಿದ್ದು. ಉಳಿದದ್ದು ನಿಮ್ಮದೇ." ಮಾವ ಕುರ್ಚಿಯಲ್ಲಿ ಕೂತಿದ್ದ ಅವಳ ಕಡೆ ತಿರುಗಿದರು. "ಒಂದೇ ಒಂದು ಸಲ ಬೀಸಿದ ಕಣಮ್ಮ. ಸದ್ದೇ ಇಲ್ಲ. ಹೋಯ್ತು, ಹೋಯ್ತು, ಹೋಗ್ತಾನೇ ಇತ್ತು. 'ನೋಡಿದ್ಯೇನೋ' ಅಂದ. ರೀಲು ನನ್ನ ಕೈಗೆ ಕೊಟ್ಟು ಕುರ್ಚಿಲಿ ಕೂತ. 'ನಿಧಾನಕ್ಕೆ ಸುತ್ತು, ನಾನು ನೋಡ್ತಿರ್ತೀನಿ' ಅಂದ. ಸುತ್ತಿ ಮುಗಿಸಿ ತಿರುಗಿದ್ರೆ ಹಾಗೇ ಕೂತಿದ್ದ, ಕೆರೆ ಕಡೆ ಮುಖ ಮಾಡ್ಕೊಂಡು. ನಗು ಇನ್ನೂ ಹಾಗೇ ಇತ್ತು."

ಅತ್ತೆ ಕಣ್ಣೊರೆಸಿಕೊಂಡಳು. ಆಮೇಲೆ, ಆ ದಿನ ಮೊದಲ ಸಲ, ಮೆಲ್ಲಗೆ ಮಾತಾಡಿದಳು. "ಎಷ್ಟು ದೂರ ಹೋಗಿತ್ತು?"

"ಮೀನು ಹಿಡಿಯೋರು ಹೇಳಿದ ದೂರಾನ ನೀವು ನಂಬ್ತೀರಾ?"

ಮಗಳು ಎದ್ದು ರೀಲಿನ ಮುಚ್ಚಳ ಹಾಕಿ ತಿರುಪು ಬಿಗಿದಳು. ಹೆಬ್ಬೆರಳಿಂದ ದಾರದ ಸುತ್ತುಗಳನ್ನು ಒತ್ತಿ ನೋಡಿದಳು. ಉಗುರಿನಂಚಿನಲ್ಲಿ ನೀರು ಒಸರಿತು.

"ಅಮ್ಮ, ಇದು ಇನ್ನೂ ಒದ್ದೆ."

ಅಮ್ಮ ರೀಲನ್ನು ಕೈಗೆ ತೆಗೆದುಕೊಂಡು ಹೊರಬಾಗಿಲ ಮೆಟ್ಟಿಲ ಮೇಲೆ ಕೂತಳು, ಎಂದೂ ಕೂರುತ್ತಿದ್ದ ಹಾಗೆ. ಗಾಳವನ್ನು ಮಾವ ನಿನ್ನೆಯೇ ಕತ್ತರಿಸಿ ತೆಗೆದಿದ್ದರು. ಅವಳು ದಾರದ ತುದಿಯನ್ನು ತೋರುಬೆರಳಿಗೆ ಸುತ್ತಿಕೊಂಡು ಗೇಟು ದಾಟಿದಳು. ಬೆನ್ನ ಹಿಂದೆ ಉರುಳೆ ಸದ್ದಿಲ್ಲದೆ ಬಿಚ್ಚಿಕೊಂಡಿತು.

ಒಂದನೇ ಮನೆ. ಎರಡನೇ ಮನೆಯ ಗೇಟು ಬಂದಾಗ ಅವಳ ಕಾಲು ತಾನಾಗಿ ನಿಧಾನಿಸಿತು. ಅಮ್ಮ "ಬಂತು" ಎನ್ನಲಿಲ್ಲ. ಮೂರು, ನಾಲ್ಕು. ಎದುರಿಗೆ ಸೈಕಲ್ಲಿನಲ್ಲಿ ಬಂದವನೊಬ್ಬ ಇಳಿದು, ದಾರವನ್ನು ಎರಡು ಬೆರಳಲ್ಲಿ ಎತ್ತಿ ಹಿಡಿದು, ತಲೆ ತಗ್ಗಿಸಿ ಈಚೆ ಬಂದ. ಐದು. ಆರು. ಏಳನೇ ಮನೆಯವರು ಬಾಗಿಲಿಗೆ ಬಂದು ನಿಂತರು.

ಅಂಚೆಪೆಟ್ಟಿಗೆಯ ಮೇಲೆ ಕೈಯಿಟ್ಟು ಅವಳು ತಿರುಗಿ ನೋಡಿದಳು. ದೂರದಲ್ಲಿ, ಮೆಟ್ಟಿಲ ಮೇಲೆ, ಅಂಗೈಯಷ್ಟು ಚಿಕ್ಕದಾಗಿ ಕಾಣುತ್ತಿದ್ದ ಅಮ್ಮ ಹೆಬ್ಬೆರಳನ್ನು ದಾರದ ಮೇಲಿಟ್ಟುಕೊಂಡು ತಲೆ ಅಲ್ಲಾಡಿಸಿದಳು. ಇನ್ನೂ ಇಲ್ಲ ಎಂಬಂತೆ.

ಅವಳು ಅಂಚೆಪೆಟ್ಟಿಗೆ ದಾಟಿ ನಡೆದಳು.