ಆಫ್ ಮಾಡಬೇಡಿ

ಮೊಣಕಾಲಿಗೆ ಬಿಸಿಗಾಳಿ ತಗಲುತ್ತಲೇ ಇದೆ, ಮೇಜಿನ ಕೆಳಗಿನ ಈ ಹಳೆಯ ಕಂಪ್ಯೂಟರು ಉಸಿರು ಬಿಡುವುದೇ ಹೀಗೆ, ಹತ್ತೊಂಬತ್ತು ವರ್ಷದಿಂದ, ಬೇಸಿಗೆಯಲ್ಲಿ ಬೈದಿದ್ದೇನೆ, ಚಳಿಯಲ್ಲಿ ಕಾಲು ಚಾಚಿ ಕಾಯಿಸಿಕೊಂಡಿದ್ದೇನೆ, ಇದರ ಕೆಲಸಕ್ಕೆ ಈಗ ಹೊಸ ವ್ಯವಸ್ಥೆ ಬಂದಿದೆ, ನಾಲ್ಕು ಗಂಟೆಗೆ ಇದನ್ನು ಆರಿಸಬೇಕಂತೆ, ನಾನೇ ಆರಿಸಬೇಕಂತೆ, ಮೇಡಂ, ನಿಮ್ಮ ಕೈಯಿಂದಲೇ ಆಗ್ಲಿ ಅಂದಳು ಮ್ಯಾನೇಜರು, ರಿಬ್ಬನ್ ಕತ್ತರಿಸೋಕೆ ಕರೆದ ಹಾಗೆ — ಈಗ ಮೂರೂ ಮುಕ್ಕಾಲು. ಅದರ ನೆತ್ತಿಯ ಮೇಲೆ ನಾನೇ ಅಂಟಿಸಿದ ಚೀಟಿ, ಆಫ್ ಮಾಡಬೇಡಿ, ಟೇಪು ಹಳದಿಗಟ್ಟಿದೆ, ಅಕ್ಷರ ಮಾತ್ರ ಎಷ್ಟು ದುಂಡಗಿದೆ, ಆಗ ಕನ್ನಡಕವೂ ಇರಲಿಲ್ಲ. ಆಸ್ಪತ್ರೆಗಳ ರಕ್ತಪರೀಕ್ಷೆಯ ವರದಿಯನ್ನು ಆಯಾ ವೈದ್ಯರಿಗೆ ಮುಟ್ಟಿಸುವುದು ಇದರ ಕೆಲಸ, ನಾನು ಬರೆದ ಪ್ರೋಗ್ರಾಮು, ಹೇಗೆ ನಡೆಯುತ್ತದೆ ಅಂತ ಇನ್ನೊಬ್ಬರಿಗೆ ಗೊತ್ತಿಲ್ಲ, ನಾನು ಎಲ್ಲೂ ಬರೆದಿಡಲಿಲ್ಲ, ಪುರುಸೊತ್ತಾಗಲಿಲ್ಲ ಅನ್ನುತ್ತಿದ್ದೆ, ಥೂ, ಯಾರ ಹತ್ತಿರ ಈ ನಾಟಕ, ಬೇಕಂತಲೇ ಬರೆದಿಡಲಿಲ್ಲ. ಮೊದಲ ಸಲ ಜನರನ್ನು ಕೆಲಸದಿಂದ ತೆಗೆದಾಗ ಪಕ್ಕದ ಮೇಜಿನವನು ಕಾಫಿ ಕಪ್ಪನ್ನು ರಟ್ಟಿನ ಡಬ್ಬದಲ್ಲಿಟ್ಟುಕೊಂಡು ಹೋದನಲ್ಲ, ತಲೆಯೆತ್ತದೆ, ಅವತ್ತೇ ತೀರ್ಮಾನಿಸಿದೆ, ಗುಟ್ಟು ನನ್ನಲ್ಲೇ ಇದ್ದರೆ ನನ್ನನ್ನು ಯಾರೂ ಮುಟ್ಟುವುದಿಲ್ಲ. ನೀನಿಲ್ದೆ ಅಲ್ಲಿ ಬೆಳಕೇ ಹರಿಯಲ್ಲ ಬಿಡು, ಅಂತ ಗಂಡ ರೇಗಿಸುತ್ತಿದ್ದ, ನಾನೂ ಪೆದ್ದಿ, ಉಬ್ಬಿಹೋಗುತ್ತಿದ್ದೆ.

ಈ ಮ್ಯಾನೇಜರಿಗೆ ಕೆಲಸ ಕಲಿಸಿದ್ದೂ ನಾನೇ, ಆಗ ಅಕ್ಕಾ ಅಕ್ಕಾ ಅಂತ ಹಿಂದೆಯೇ ಸುತ್ತುತ್ತಿದ್ದಳು, ಈಗ ಮೇಡಂ, ಬೆಳಿಗ್ಗೆ ಎದುರು ಕೂರಿಸಿಕೊಂಡು ಹೇಳಿದಳು, ಮೂರು ಸಲ ಮೇಲಿನವ್ರು ನಿಮ್ಮನ್ನ ದೊಡ್ಡ ಕೆಲಸಕ್ಕೆ ಕೇಳಿದ್ರು, ನಿಮಗೆ ಗೊತ್ತೇ ಇರ್ಲಿಲ್ವಾ, ಹಳೇ ಸಾಹೇಬ್ರು ಬಿಡ್ಲಿಲ್ಲ, ಆ ಕಂಪ್ಯೂಟರ್ ಡಬ್ಬದ ಮರ್ಮ ಅವರೊಬ್ಬರಿಗೇ ಗೊತ್ತು, ಅಲ್ಲಿಂದ ಅಲ್ಲಾಡಿಸ್ಬೇಡಿ ಅಂದ್ಬಿಟ್ರಂತೆ. ಮೂರು ಸಲ! ಹಿಂದೆ ಬಂದವರೆಲ್ಲ ಮೇಲೇರಿದಾಗ ಹೊಟ್ಟೆ ಉರಿದುಕೊಂಡೆ, ಹಣೆಬರಹ ಅಂದೆ, ಗೂಟ ಹೊಡೆದವಳು ನಾನು, ಕಟ್ಟಿಸಿಕೊಂಡವಳೂ ನಾನು, ಅಯ್ಯೋ ದೇವರೇ, ಈಗ ಅಳುವುದಕ್ಕೂ ದಣಿವು. ಸೋಮವಾರದಿಂದ ಹೊಸ ತಂಡಕ್ಕೆ ಬನ್ನಿ, ಆದ್ರೆ ಎಲ್ಲಾ ಮೊದಲಿಂದ ಕಲೀಬೇಕು, ಆರು ತಿಂಗಳು ಹೊಸಬರ ಜೊತೇಲೇ ಕೂರ್ಬೇಕು, ಬೇಡ ಅಂದ್ರೆ ಬಲವಂತ ಇಲ್ಲ, ರಾಜೀನಾಮೆ ಕೊಡಬಹುದು, ನಾಲ್ಕಕ್ಕೆ ಹೇಳಿ — ನಲವತ್ತೇಳರ ಮೇಲೆ ಓನಾಮ. ಮಧ್ಯಾಹ್ನ ಫೋನಿನಲ್ಲಿ ಮಗಳು, ಗೊತ್ತಿಲ್ಲ ಅನ್ನೋಕೆ ಏನೇ ನಾಚಿಕೆ ಅಂತ ನನಗೆ ಗಂಟೆಗಟ್ಟಲೆ ಕೊರೀತಿದ್ಯಲ್ಲಮ್ಮಾ, ಈಗ ನೀನು ಹೇಳು ನೋಡೋಣ, ಬಾಯಿ ನೋಡು ಅದರದ್ದು, ಥೇಟ್ ನನ್ನದೇ. ಹೆಜ್ಜೆ ಸಪ್ಪಳ, ಮ್ಯಾನೇಜರು ಬಂದು ಮೇಜಿನ ಪಕ್ಕ ನಿಂತಳು, ಅಕ್ಕಾ, ನಾಲ್ಕಾಯ್ತು. ಅಕ್ಕಾ ಅಂದಳಾ? ಬಗ್ಗುತ್ತೇನೆ, ಸೊಂಟ ಹಿಡಿಯುತ್ತದೆ, ಗುಂಡಿ ತಣ್ಣಗಿದೆ, ಒತ್ತಿ ಹಿಡಿದೆ, ಐದು ಎಣಿಸಬೇಕು, ಒಂದು, ಎರಡು — ಗಾಳಿ ನಿಂತಿತು, ಇಷ್ಟೇನಾ, ಸೋಮವಾರ ಬರ್ತೀನಿ ಕಣೇ, ನನಗೇನೂ ಗೊತ್ತಿಲ್ಲ, ಕಲಿಸ್ಬೇಕು ನೀನು, ಅಂದವಳು ನಾನೇನಾ, ಅವಳು ನನ್ನ ಭುಜ ಹಿಡಿದಿದ್ದಾಳೆ, ಏಳಬೇಕು, ಏಳುತ್ತೇನೆ, ಮೊಣಕಾಲು ತಣ್ಣಗಾಗುತ್ತಿದೆ, ಕಣ್ಣೆದುರಿಗೆ ಆ ಚೀಟಿ, ಹಳದಿ ಟೇಪು, ನನ್ನ ದುಂಡಗಿನ ಅಕ್ಷರ, ಆಫ್ ಮಾಡಬೇಡಿ