ಸೋಮಾರಿತನದ ಮಾತ್ರೆ

ಬಸ್ ಕಂಡಕ್ಟರ್ ಆಗಿದ್ದ ಸೊಸೆ ಬಸುರಿಯಾದ ಎರಡನೇ ತಿಂಗಳಿಗೇ ನಿಂತಲ್ಲೇ ತೂಕಡಿಸತೊಡಗಿದಳು. ದನಿ ಒಡೆದು ಹೋಗಿತ್ತು. "ಮುಂದೆ ಹೋಗ್ರಿ" ಎಂದರೆ ಯಾರೋ ಕೆಮ್ಮಿದರೆಂದುಕೊಂಡು ಪ್ರಯಾಣಿಕರು ಅಲ್ಲೇ ನಿಲ್ಲುತ್ತಿದ್ದರು. ಎಲ್ಲರೂ ಬೆವರುವ ಬಸ್ಸಿನಲ್ಲಿ ಅವಳೊಬ್ಬಳೇ ಸ್ವೆಟರ್ ಹಾಕಿರುತ್ತಿದ್ದಳು.

ಮನೆಯಲ್ಲಿ ರೋಗ ಪತ್ತೆಯಾಗಿ ಆಗಲೇ ತುಂಬ ದಿನವಾಗಿತ್ತು: ಸೋಮಾರಿತನ. ಅತ್ತೆ ನಿವೃತ್ತ ಮುಖ್ಯೋಪಾಧ್ಯಾಯಿನಿ. ಮುಖ ನೋಡಿಯೇ ಸೋಮಾರಿಗಳನ್ನು ಗುರುತಿಸುತ್ತಿದ್ದವರು.

"ನಾನೂ ಹೆತ್ತಿದ್ದೀನಮ್ಮಾ. ಹೆರಿಗೆ ಹಿಂದಿನ ದಿನದವರೆಗೂ ಪಾಠ ಮಾಡಿದ್ದೆ. ನಿನ್ನ ಹಾಗೆ ಕೂರೋಕೆ ಜಾಗ ಹುಡುಕಲಿಲ್ಲ."

ಗಂಡ ಅಮ್ಮನ ಮಾತಿಗೂ ತಲೆಯಾಡಿಸುತ್ತಿದ್ದ, ಹೆಂಡತಿಯ ಮಾತಿಗೂ ತಲೆಯಾಡಿಸುತ್ತಿದ್ದ. ಆ ತಲೆಗೆ ಬೇರೆ ಕೆಲಸವಿರಲಿಲ್ಲ.

ಡಾಕ್ಟರಮ್ಮ ರಕ್ತ ಪರೀಕ್ಷೆ ಮಾಡಿಸಿದರು. "ನಿಮ್ಮ ಥೈರಾಯ್ಡ್ ಗ್ರಂಥಿ ಸರಿಯಾಗಿ ಕೆಲಸ ಮಾಡ್ತಿಲ್ಲ. ಈ ತಿಂಗಳುಗಳಲ್ಲಿ ಮಗುವಿನ ಮಿದುಳು ಬೆಳೆಯೋಕೆ ನಿಮ್ಮ ಹಾರ್ಮೋನೇ ಬೇಕು. ದಿನಾ ಬೆಳಿಗ್ಗೆ ಖಾಲಿ ಹೊಟ್ಟೇಲಿ ಈ ಮಾತ್ರೆ ತಗೊಳ್ಳಿ. ಬಿಟ್ರೆ ಗರ್ಭಪಾತ ಆಗಬಹುದು, ದಿನ ತುಂಬೋ ಮೊದಲೇ ಹೆರಿಗೆ ಆಗಬಹುದು."

"ಗ್ರಂಥಿನೂ ಮೈಗಳ್ಳತನ ಮಾಡ್ತಿದೆಯಾ? ಒಡತಿ ಹೇಗೋ ಹಾಗೆ!" ಎಂದರು ಅತ್ತೆ. ಬಸುರಿ ಮಾತ್ರೆ ನುಂಗಿದರೆ ಕೂಸಿಗೆ ಕೇಡೆಂದು ಡಬ್ಬಿಯನ್ನು ತಮ್ಮ ಬೀರುವಿನಲ್ಲಿಟ್ಟು ಬೀಗ ಜಡಿದರು. ಗಂಡ ತಲೆಯಾಡಿಸಿದ.

ಸೊಸೆ ಜಗಳವಾಡಲಿಲ್ಲ, ಅದಕ್ಕೆ ಬೇಕಾದ ದನಿಯೇ ಇರಲಿಲ್ಲ. ಬಚ್ಚಲಿನಲ್ಲಿ ನಲ್ಲಿ ಬಿಟ್ಟುಕೊಂಡು ಅತ್ತಳು. ಮರುದಿನ ಅದೇ ಮಾತ್ರೆಯ ಇನ್ನೊಂದು ಡಬ್ಬಿ ಕೊಂಡು ಟಿಕೆಟ್ ಚೀಲಕ್ಕೆ ಹಾಕಿಕೊಂಡಳು. ಡಿಪೋದಲ್ಲಿ ಡ್ರೈವರ್ ಎಂಜಿನ್ ಬಿಸಿ ಮಾಡುವಾಗ ಇವಳು ಮಾತ್ರೆ ನುಂಗುತ್ತಿದ್ದಳು. ವಾರಗಳು ಕಳೆದಂತೆ ನಿದ್ದೆ ಹರಿಯಿತು, ದನಿ ಕೂಡಿಕೊಂಡಿತು. ಪ್ರಯಾಣಿಕರು ಮುಂದೆ ಹೋಗತೊಡಗಿದರು.

"ನೋಡಿದ್ಯಾ? ಮಾತ್ರೆ ಇಲ್ಲದೇ ವಾಸಿಯಾಯ್ತು," ಎಂದು ಅತ್ತೆ ಬೀಗಿದರು. ಡಾಕ್ಟರಿಗೂ ಬುದ್ಧಿ ಹೇಳಿಬರೋಣವೆಂದು ಸೊಸೆಯ ಮುಂದಿನ ತಪಾಸಣೆಗೆ ತಾವೂ ಹೊರಟರು. ಅವರ ಉಪದೇಶ ನಡೆದಿದ್ದಷ್ಟು ಹೊತ್ತೂ ಡಾಕ್ಟರಮ್ಮ ಅವರ ಕುತ್ತಿಗೆಯನ್ನೇ ನೋಡುತ್ತಿದ್ದರು.

"ಅಮ್ಮಾ, ಒಂದ್ಸಲ ಉಗುಳು ನುಂಗಿ."

ನುಂಗಿದರು. ಗಂಟಲ ಬಳಿಯ ಊತ ಮೇಲೆದ್ದು ಕೆಳಗಿಳಿಯಿತು.

"ಸುಸ್ತು, ಚಳಿ, ಹಗಲು ನಿದ್ದೆ ಏನಾದ್ರೂ ಇದೆಯಾ?"

"ಅದು ವಯಸ್ಸಿಗೆ..."

ರಕ್ತ ಪರೀಕ್ಷೆಯಲ್ಲಿ ಅತ್ತೆಗೂ ಸೊಸೆಯ ಕಾಯಿಲೆಯೇ ಸಿಕ್ಕಿತು. ಅಂದಿನಿಂದ ಆ ಬೀದಿಯಲ್ಲಿ ಅತ್ತೆಯಷ್ಟು ದೊಡ್ಡ ರೋಗಿ ಇನ್ನೊಬ್ಬರಿರಲಿಲ್ಲ. "ಥೈರಾಯ್ಡ್ ಕಣ್ರೀ, ಒಂದು ಲೋಟ ಎತ್ತೋಕೂ ಕೈಲಾಗಲ್ಲ," ಎಂದು ಮಂಚದಲ್ಲೇ ಕೂತು ಬಂದವರಿಗೆಲ್ಲ ವಿವರಿಸುತ್ತಿದ್ದರು. ಲೋಟ ತಂದುಕೊಡುತ್ತಿದ್ದವಳು ತುಂಬು ಬಸುರಿ ಸೊಸೆ.

ದಿನ ತುಂಬಿ ಹೆಣ್ಣು ಮಗು ಹುಟ್ಟಿತು. ಆಸ್ಪತ್ರೆಯವರು ಹಿಮ್ಮಡಿಯಿಂದ ರಕ್ತದ ಹನಿ ತೆಗೆದು ಅದರ ಥೈರಾಯ್ಡನ್ನೂ ಪರೀಕ್ಷಿಸಿದರು. ಏನೂ ತೊಂದರೆಯಿಲ್ಲ ಎಂದಾಗ ಸೊಸೆ ಮಗುವನ್ನು ಎದೆಗವಚಿಕೊಂಡು ಬಿಕ್ಕಿದಳು. "ನನ್ನ ಬುದ್ಧಿಯೇ ಬಂದಿದೆ," ಎಂದರು ಅತ್ತೆ.

ಹೆರಿಗೆ ರಜೆ ಮುಗಿದಾಗ ಸೊಸೆ ಡಿಪೋ ಪಕ್ಕದ ಶಿಶುಪಾಲನಾ ಕೇಂದ್ರದಲ್ಲಿ ಮಗುವಿಗೆ ಜಾಗ ಗೊತ್ತು ಮಾಡಿದಳು.

"ಮನೇಲಿ ನಾನಿರೋವಾಗ ಅದ್ಯಾಕೆ? ನನ್ನ ಮೇಲೆ ನಂಬಿಕೆ ಇಲ್ವಾ?"

"ನಿಮಗೆ ಥೈರಾಯ್ಡ್ ಅಲ್ವಾ ಅತ್ತೇ, ಪಾಪ, ಸುಸ್ತಾಗುತ್ತೆ," ಎಂದವಳೇ ಮಗುವನ್ನೆತ್ತಿಕೊಂಡು ಹೊರಟಳು.