ಬಿಳಿ ಟೊಪ್ಪಿಗೆ ಸಾಕ್ಷಿ

ಕೊಚ್‌ಕೋರ್ ಎಂಬ ಊರಿನಲ್ಲಿ ಶಾಲೆ ಬಿಟ್ಟು ಎಷ್ಟು ವರ್ಷವಾದರೂ ಒಂದೇ ತರಗತಿಯವರು ಒಬ್ಬರನ್ನೊಬ್ಬರು ಬಿಡುವುದಿಲ್ಲ. ಯಾವ ವರ್ಷ ಶಾಲೆ ಮುಗಿಸಿದರೋ ಆ ವರ್ಷದ ಹೆಸರಲ್ಲೇ ಫುಟ್‌ಬಾಲ್ ತಂಡ ಕಟ್ಟುತ್ತಾರೆ. ಬೊಜ್ಜು ಬಂದ ಮೇಲೂ ಭಾನುವಾರದ ಆಟ ತಪ್ಪದು. ತೊಂಬತ್ತೊಂಬತ್ತರ ತಂಡಕ್ಕೆ ಕುಬಾನ್ ನಾಯಕ. ಕಿಟಕಿ, ಬಾಗಿಲಿನ ಅಂಗಡಿ ಇಟ್ಟವನು, ಈ ಸಲದ ಪಂದ್ಯಗಳಲ್ಲಿ ಹದಿನಾರು ಗೋಲು ಹೊಡೆದವನು. ಆದರೆ ಊರಿನ ಬಾಯಲ್ಲಿ ಇದ್ದದ್ದು ಅದೇ ತಂಡದ ಗೋಲ್‌ಕೀಪರ್ ಮೆಲಿಸನ ಹೆಸರು.

ಚಳಿ ಶುರುವಾಗುವ ಮುಂಚೆ ಫೈನಲ್. ಅದು ಮುಗಿದ ಮೇಲೆ, ಇಡೀ ವರ್ಷದಲ್ಲಿ ಎಲ್ಲರಿಗಿಂತ ನ್ಯಾಯವಾಗಿ ಆಡಿದವನ ತಲೆಗೆ ಹಿರಿಯರು ಬಿಳಿ ಉಣ್ಣೆಯ ಟೊಪ್ಪಿ ಇಡುತ್ತಾರೆ. ಮೂರು ವರ್ಷದಿಂದ ಅದು ಮೆಲಿಸನ ತಲೆಗೇ. ಚೆಂಡು ನನ್ನ ಬೆರಳಿಗೆ ತಾಗಿಯೇ ಹೊರಗೆ ಹೋಯಿತು, ಕಾರ್ನರ್ ಕೊಡಿ ಎಂದು ತಾನೇ ಹೋಗಿ ಹೇಳುವ ಮಹಾನುಭಾವ. ಹೇಳಲಿ, ಯಾರು ಬೇಡವೆಂದರು? ಆದರೆ ಪಂಕ್ಚರ್ ಹಾಕುವ ಈ ಮನುಷ್ಯ ಬಜಾರಿಗೆ ಬಂದರೆ ಮುದುಕರೂ ಎದ್ದು ಕೈ ಕೊಡುತ್ತಿದ್ದರು. ಅದನ್ನು ನೋಡಿದಾಗಲೆಲ್ಲ ಕುಬಾನನ ಹೊಟ್ಟೆಯಲ್ಲಿ ಮೆಣಸಿನಕಾಯಿ ಅರೆದಂತಾಗುತ್ತಿತ್ತು.

ಫೈನಲ್ ದಿನ ಬೆಳಿಗ್ಗೆ ಹೆಂಡತಿ ಬುರುಲ್ ಚಹಾ ಕೊಡುತ್ತ, ಈ ಸಲವೂ ಟೊಪ್ಪಿ ಮೆಲಿಸನದೇ ಅಂತೆ ಎಂದಳು.

"ಯಾಕೆ, ನಾನೇನು ಕಳ್ಳನಾ?"

"ಕಳ್ಳ ಅಂತ ಯಾರಂದ್ರು? ನೀನು ಗೋಲು ಹೊಡಿ. ಆ ಟೊಪ್ಪೀನ ಅವನ ತಲೆ ಅಳತೆಗೇ ಹೊಲಿದಿದ್ದಾರೆ."

ಕುಬಾನ್ ಅರ್ಧ ಬಟ್ಟಲು ಬಿಟ್ಟೆದ್ದ. ಈ ಸಲ ಟೊಪ್ಪಿ ಈ ಮನೆಗೆ ಬರಬೇಕು, ಅಷ್ಟೇ.

ಬರಬೇಕು ಸರಿ, ಆದರೆ ತಪ್ಪು ಒಪ್ಪಿಕೊಳ್ಳಬೇಕಾದರೆ ತಪ್ಪೊಂದು ಆಗಬೇಕಲ್ಲ! ಎದುರಿಗೆ ಎರಡು ಸಾವಿರದ ಮೂರರ ತಂಡ. ಆಟದುದ್ದಕ್ಕೂ ಕುಬಾನ್ ಕಾದ. ಚೆಂಡು ಕೈಗೆ ತಾಗಲಿಲ್ಲ, ಕಾಲು ಯಾರಿಗೂ ತೊಡರಲಿಲ್ಲ. ಜನ್ಮದಲ್ಲಿ ಅಷ್ಟು ಶುದ್ಧವಾಗಿ ಅವನು ಆಡಿರಲಿಲ್ಲ. ಒಂದಕ್ಕೊಂದು ಸಮ, ಎರಡು ನಿಮಿಷ ಬಾಕಿ. ಆಗ ಎದುರಾಳಿ ಒದ್ದ ಚೆಂಡು, ಗೋಲಿನ ಮುಂದೆ ಎಗರಿದ ಕುಬಾನನ ನೆತ್ತಿಗಿಂತ ಒಂದು ಗೇಣು ಮೇಲೆ ಹಾದು ಕಂಬದ ಹೊರಗೆ ಗೆರೆ ದಾಟಿತು. ರೆಫರಿ ಗೋಲ್ ಕಿಕ್ ತೋರಿಸಿದ. ಕುಬಾನ್ ಕೈ ಎತ್ತಿದ.

"ನನ್ನ ತಲೆಗೆ ತಾಗಿ ಹೋಯ್ತು. ಕಾರ್ನರ್ ಕೊಡಿ."

ಬರೀ ಕಾರ್ನರ್ ತಾನೆ, ಮೆಲಿಸ್ ಹಿಡಿಯುತ್ತಾನೆ ಎಂಬುದು ಅವನ ಲೆಕ್ಕ. ಜನ ಎದ್ದು ಚಪ್ಪಾಳೆ ತಟ್ಟಿದರು, ಬುರುಲ್ ಕೂಡ. ಅವನಿಗೆ ಸ್ವರ್ಗ ಮೂರೇ ಗೇಣು. ಅಷ್ಟರಲ್ಲಿ ಕಾರ್ನರಿನಿಂದ ಬಂದ ಚೆಂಡು ಯಾರದೋ ಹಣೆಗೆ ಬಡಿದು ಮೆಲಿಸನ ಕೈ ತಪ್ಪಿಸಿ ಬಲೆಗೆ ಬಿತ್ತು. ಕೋತಿ ತಾನೂ ಕೆಟ್ಟು ವನವನ್ನೂ ಕೆಡಿಸಿತು. ನಿಜ ಹೇಳಿದವನನ್ನು ಬೈಯುವ ಪದ್ಧತಿ ಅಲ್ಲಿಲ್ಲ. ಸೋತ ಗೆಳೆಯರು ಭೇಷ್ ಎಂದು ಅವನ ಬೆನ್ನು ತಟ್ಟಿದರು, ಸ್ವಲ್ಪ ಜೋರಾಗಿಯೇ.

ಗೆದ್ದವರಿಗೆ ಬಹುಮಾನವಾಗಿ ಸಿಕ್ಕ ಟಗರು ಬೆಂದಿತ್ತು. ಗೆದ್ದವರೂ ಸೋತವರೂ ಊಟದ ಒಂದೇ ಹಾಸಿನ ಸುತ್ತ ಕೂತರು. ಬಿಳಿಗಡ್ಡದ ಸಪಾರಾಲಿ ತಾತ ಟೊಪ್ಪಿ ಹಿಡಿದು ಎದ್ದು ಕುಬಾನನ ಹೆಸರು ಹೇಳಿ, ಸಾಕ್ಷಿ ಎಲ್ಲಿ ಎಂದ. ಹತ್ತಿರದಲ್ಲಿ ನಿಂತು ನೋಡಿದವನು ರೊಟ್ಟಿ ಮುಟ್ಟಿ ಆಣೆ ಮಾಡದೆ ಟೊಪ್ಪಿ ತಲೆಗೇರುವುದಿಲ್ಲ. ಚಪ್ಪಾಳೆಯ ಆಸೆಯಲ್ಲಿ ಕುಬಾನ್ ಅದನ್ನು ಮರೆತೇಬಿಟ್ಟಿದ್ದ. ಹತ್ತಿರವಿದ್ದವನು ಮೆಲಿಸ್.

"ನೀನೇ ಹಿಂದಿದ್ದೆಯಲ್ಲಪ್ಪಾ. ಚೆಂಡು ಇವನಿಗೆ ತಾಗಿತಾ?"

ಮೆಲಿಸ್ ಕುಬಾನನ ಮುಖ ನೋಡಿದ. ಅವನು ಎಲ್ಲ ನೋಡಿದ್ದಾನೆಂದು ಕುಬಾನನಿಗೆ ಆಗಲೇ ತಿಳಿಯಿತು. ಆಚೆ ಬುರುಲ್ ಮಕ್ಕಳಿಬ್ಬರನ್ನೂ ಮುಂದೆ ನಿಲ್ಲಿಸಿಕೊಂಡಿದ್ದಳು. ಮೆಲಿಸ್ ಅತ್ತ ಒಮ್ಮೆ ನೋಡಿ ರೊಟ್ಟಿಯ ಮೇಲೆ ಅಂಗೈ ಇಟ್ಟ.

"ತಾಗ್ತು ತಾತ. ಸುಳ್ಳಾದ್ರೆ ಈ ರೊಟ್ಟಿ ನನ್ನನ್ನ ಹೊಡೀಲಿ."

ಟೊಪ್ಪಿ ಕುಬಾನನ ತಲೆಗೇರಿತು. ತಾತ ಅಂಗೈಗಳನ್ನು ಮೇಲೆತ್ತಿ ಹರಸಿದ, ಮಕ್ಕಳು ಕುಣಿದರು. ಕುಬಾನ್ ಜನರನ್ನು ಬಿಡಿಸಿಕೊಂಡು, ನಲ್ಲಿಯ ಹತ್ತಿರ ಕೈ ತೊಳೆಯುತ್ತಿದ್ದ ಮೆಲಿಸನ ಬಳಿ ಹೋದ.

"ಯಾಕೋ ಹಂಗಂದೆ?"

"ಮತ್ತೇನನ್ಲಿ? ನಿನ್ನ ಮಕ್ಕಳು ಅಲ್ಲೇ ನಿಂತಿದ್ವು."

"ಕಾಪಾಡು ಅಂತ ನಾನು ಕೇಳಿದ್ನಾ?"

"ಕೇಳ್ಲಿಲ್ಲ ಬಿಡು. ನಡಿ, ಮಾಂಸ ಆರುತ್ತೆ."

ಒಂದು ಮಾತು ಬೈದಿದ್ದರೆ ಅವನನ್ನು ಹಾಯಾಗಿ ದ್ವೇಷಿಸಬಹುದಿತ್ತು. ಅದನ್ನೂ ಈ ಪಾಪಿ ಕೊಡಲಿಲ್ಲ.

ಊಟಕ್ಕೆ ಕೂತಾಗ ತಾತ ಅದೇ ರೊಟ್ಟಿಯನ್ನು ಮುರಿದು ತುಂಡುಗಳನ್ನು ತಟ್ಟೆಯಲ್ಲಿಟ್ಟು ಸಾಲಾಗಿ ಕಳಿಸಿದ. ಮೆಲಿಸ್ ತನ್ನ ಪಾಲನ್ನು ಮುಟ್ಟದೆ ತಟ್ಟೆಯನ್ನು ಪಕ್ಕದವನಿಗೆ ದಾಟಿಸಿ, ಬರೀ ಮಾಂಸ ತಿಂದ, ಸಾರು ಕುಡಿದ. ಯಾರೂ ಗಮನಿಸಲಿಲ್ಲ. ಕುಬಾನ್ ಗಮನಿಸಿದ. ಒಂದು ಸುಳ್ಳು ಹೇಳಿ ಇಷ್ಟು ದೊಡ್ಡವನಾಗುವುದಕ್ಕೆ ಇವನಿಗೆ ಮಾತ್ರ ಹೇಗೆ ಬರುತ್ತದೆ? ತಲೆಯ ಮೇಲೆ ಟೊಪ್ಪಿ ಇದ್ದೂ ಹೊಟ್ಟೆಕಿಚ್ಚು ಮೊದಲಿಗಿಂತ ಹೆಚ್ಚಾಗಿ ಉರಿಯಿತು.

ತಟ್ಟೆ ಅವನ ಮುಂದೆ ಬಂತು. ಎಲ್ಲರೂ ಅವನನ್ನೇ ನೋಡುತ್ತಿದ್ದರು. ಕುಬಾನ್ ಒಂದು ತುಂಡು ತೆಗೆದುಕೊಂಡು ಪೂರ್ತಿ ತಿಂದ.